ಯಂತ್ರಬುದ್ಧಿಯ ಕಾಲದಲ್ಲಿ ನಮ್ಮ ಗಂಟು

2025ರ ದೀಪಾವಳಿಗೆ ಪುಣೆಯಿಂದ ನನ್ನ ಸೋದರಳಿಯ ಹೆಂಡತಿ ಮಗಳೊಡನೆ ನಮ್ಮಲ್ಲಿಗೆ ಬಂದಿದ್ದ. ಎಣ್ಣೆ ನೀರು, ಫರಾಳ ಎಲ್ಲ ಮುಗಿದು ಹೆಂಗಸರು ಒಳಗೆ ಮಾತಿಗೆ ಕುಳಿತ ತರುವಾಯ ಅವನು ಮೆಲ್ಲಗೆ ಗ್ಯಾಲರಿಗೆ ಬಂದು ನನ್ನ ಪಕ್ಕದಲ್ಲಿ ಕುರ್ಚಿ ಎಳೆದುಕೊಂಡ. ಏನೋ ಕೇಳುವುದಿದೆ ಎಂಬುದು ಮುಖದಲ್ಲೇ ತಿಳಿಯುತ್ತಿತ್ತು.

"ಮಾಮಾ, ಅವ್ವನ ಹೊಲ ಮಾರಿದ ರೊಕ್ಕಾ ಬ್ಯಾಂಕಿನ್ಯಾಗ ಸುಮ್ನ ಬಿದ್ದೈತಿ. ಇಪ್ಪತ್ತೆರಡು ಲಕ್ಷ. ನಮ್ಮ ಆಫೀಸಿನ್ಯಾಗ ಎಲ್ಲಾರೂ ಎ.ಐ. ಶೇರಿಗೆ ಹಾಕಾಕತ್ತಾರ. ನಾನೂ ಹಾಕಿಬಿಡಲೇನು? ನೀವ್ ಏನಂತೀರಿ?"

ಬ್ಯಾಂಕಿನಲ್ಲಿ ಮೂವತ್ತಾರು ವರ್ಷ ಪರರ ಹಣ ಎಣಿಸಿದವನಿಗೆ ಹಣದ ಮರ್ಮ ಗೊತ್ತಿರಲೇಬೇಕು ಎಂಬುದು ನಮ್ಮ ಬಂಧುಬಳಗದ ನಂಬಿಕೆ. ಧಾರವಾಡದ ಪೇಡೆ ಅಂಗಡಿಯಲ್ಲಿ ತಕ್ಕಡಿ ಹಿಡಿದವನೆಲ್ಲ ಪೇಡೆ ಮಾಡಬಲ್ಲನೆ? ಅಂದು ನಾನು ಉತ್ತರ ಕೊಡಲಿಲ್ಲ. "ಸಂಕ್ರಮಣಕ್ಕ ನಾನs ಪುಣೆಕ್ಕ ಬರ್ತೀನಿ, ಆಗ ಮಾತಾಡೋಣು" ಎಂದು ತಪ್ಪಿಸಿಕೊಂಡೆ. ನಡುವಿನ ಎರಡೂವರೆ ತಿಂಗಳು ಓದಿದೆ, ತಿಳಿದವರನ್ನು ಕೇಳಿದೆ. ಇದೇ ಪ್ರಶ್ನೆ ನಮ್ಮ ಸಂಘದ ಎಷ್ಟೋ ಮನೆಗಳಲ್ಲಿ ಎದ್ದಿರಬೇಕೆಂದು ತೋರಿದ್ದರಿಂದ ಈ ಲೇಖನ. ಯಾವ ಶೇರು ಕೊಳ್ಳಬೇಕೆಂಬ ಸಲಹೆ ಇದರಲ್ಲಿ ಇಲ್ಲ. ಅದನ್ನು ಬಯಸುವ ವಾಚಕರು ಪುಟ ತಿರುವಿ ಅಡಿಗೆಯ ಅಂಕಣಕ್ಕೆ ಹೋದರೆ ನನಗೆ ಬೇಸರವಿಲ್ಲ.

ಪತ್ರಿಕೆಗಳು 'ಕೃತಕ ಬುದ್ಧಿಮತ್ತೆ' ಎನ್ನುತ್ತವೆ. ನನ್ನ ನಾಲಗೆಗೆ 'ಯಂತ್ರಬುದ್ಧಿ' ಹಗುರ. ಹೆಸರೇನೂ ಹೊಸದಲ್ಲ. 1956ರ ಬೇಸಗೆಯಲ್ಲಿ, ಅಂದರೆ ನಮ್ಮ ಕನ್ನಡನಾಡು ಒಂದುಗೂಡುವುದಕ್ಕೆ ಇನ್ನೂ ಕೆಲವು ತಿಂಗಳು ಇದ್ದಾಗ, ಅಮೆರಿಕದ ಡಾರ್ಟ್‌ಮತ್ ಕಾಲೇಜಿನಲ್ಲಿ ಜಾನ್ ಮೆಕಾರ್ಥಿ ಮೊದಲಾದ ಪಂಡಿತರು ಕೂಡಿ ಇದೇ ಹೆಸರಿನಲ್ಲಿ ಚರ್ಚೆ ನಡೆಸಿದ್ದರು. ಯಂತ್ರ ಇನ್ನೇನು ಮನುಷ್ಯನಂತೆ ಯೋಚಿಸಿಬಿಡುತ್ತದೆ ಎಂಬ ಉತ್ಸಾಹ ಅಂದಿನಿಂದ ಎರಡು ಮೂರು ಸಲ ಉಕ್ಕಿ ಆರಿಹೋಗಿದೆ. ಈ ಸಲದ ಉಕ್ಕಿಗೆ ಮೂಲ 2017ರಲ್ಲಿ ಗೂಗಲ್ ಸಂಸ್ಥೆಯ ಎಂಟು ಸಂಶೋಧಕರು ಬರೆದ ಒಂದು ಪ್ರಬಂಧ. ಅವರಲ್ಲಿ ಆಶಿಷ್ ವಾಸ್ವಾನಿ, ನಿಕಿ ಪರ್ಮಾರ್ ಇಬ್ಬರೂ ಭಾರತೀಯ ಮೂಲದವರು. 2022ರ ನವೆಂಬರ್ 30ರಂದು ಓಪನ್ ಎ.ಐ. ಎಂಬ ಸಂಸ್ಥೆ 'ಚಾಟ್ ಜಿ.ಪಿ.ಟಿ.'ಯನ್ನು ಜನರ ಕೈಗೆ ಕೊಟ್ಟ ಮೇಲೆ ವಿಷಯ ಪಂಡಿತರಿಂದ ಪಡಸಾಲೆಗೆ ಇಳಿಯಿತು.

ಅದು ಕೆಲಸ ಮಾಡುವ ಬಗೆ ಹೇಳುವುದಕ್ಕೆ ಸುಲಭ, ನಂಬುವುದಕ್ಕೆ ಕಷ್ಟ. ಲೋಕದಲ್ಲಿ ಅಚ್ಚಾದ, ಅಂತರಜಾಲದಲ್ಲಿ ಬಿದ್ದಿರುವ ಅಪಾರ ಬರಹವನ್ನು ಅದಕ್ಕೆ ಉಣಬಡಿಸುತ್ತಾರೆ. ಒಂದು ಮಾತಿನ ಮುಂದೆ ಯಾವ ಮಾತು ಬರುವ ಸಂಭವ ಹೆಚ್ಚು ಎಂಬುದನ್ನು ಅದು ಲೆಕ್ಕಹಾಕಿ ಹಾಕಿ ಕಲಿಯುತ್ತದೆ. ಬಹುಮಟ್ಟಿಗೆ ಇಷ್ಟರಿಂದಲೇ ಪತ್ರ ಬರೆಯುತ್ತದೆ, ಲೆಕ್ಕ ಬಿಡಿಸುತ್ತದೆ, ಕಂಪ್ಯೂಟರಿಗೆ ಬೇಕಾದ ಪ್ರೋಗ್ರಾಮನ್ನೂ ಬರೆದುಕೊಡುತ್ತದೆ. ನಾನಿದ್ದ ಶಾಖೆಯಲ್ಲಿ ಒಬ್ಬ ಹಳೆಯ ಹೆಡ್ ಕ್ಲಾರ್ಕ್ ಇದ್ದರು. ಬಂದ ಕಾಗದದ ಮೊದಲ ಸಾಲು ಓದುವಷ್ಟರಲ್ಲಿ ಉತ್ತರದ ಕೊನೆಯ ಸಾಲು ಬರೆದಿಡುತ್ತಿದ್ದರು; ಅಷ್ಟು ಕಡತ ನೋಡಿದ್ದರು. ತಪ್ಪಿದಾಗಲೂ ಅಷ್ಟೇ ಧೈರ್ಯದಿಂದ ತಪ್ಪುತ್ತಿದ್ದರು. ಯಂತ್ರಬುದ್ಧಿಯೂ ಆ ಜಾತಿಯದು. 2023ರಲ್ಲಿ ನ್ಯೂಯಾರ್ಕಿನ ವಕೀಲರಿಬ್ಬರು ಇದನ್ನು ನಂಬಿ, ಎಂದೂ ನಡೆಯದ ಮೊಕದ್ದಮೆಗಳ ತೀರ್ಪುಗಳನ್ನು ಕೋರ್ಟಿನ ಮುಂದಿಟ್ಟು, 5,000 ಡಾಲರ್ ದಂಡ ತೆತ್ತರು. ಹೆಡ್ ಕ್ಲಾರ್ಕರನ್ನಾದರೂ ನಾವು ಎದುರು ಕೂರಿಸಿ ಕೇಳಬಹುದಿತ್ತು.

ನನ್ನ ಅಳಿಯ ಹಿಂಜವಡಿಯ ಒಂದು ಸಾಫ್ಟ್‌ವೇರ್ ಕಂಪೆನಿಯಲ್ಲಿ ಟೆಸ್ಟಿಂಗ್ ಕೆಲಸದಲ್ಲಿದ್ದಾನೆ. ಪ್ರೋಗ್ರಾಮು ಬರೆದವರು ಎಲ್ಲಿ ತಪ್ಪಿದ್ದಾರೆಂದು ಹುಡುಕಿ ತೆಗೆಯುವ ಕೆಲಸ. ಮೊದಲು ಅವನ ಕೈಕೆಳಗೆ ಹನ್ನೊಂದು ಮಂದಿ ಇದ್ದರು, ಈಗ ಆರು. "ಯಾರನ್ನರ ತಗದ್ರೇನು?" ಎಂದು ಕೇಳಿದರೆ, "ಇಲ್ಲ ಮಾಮಾ, ಬಿಟ್ಟು ಹೋದವರ ಜಾಗಾಕ್ಕ ಹೊಸಬರನ್ನ ತಗೊಳ್ಳಲಿಲ್ಲ" ಎಂದ. ಈ ಮಾತು ಕೇಳಿದೊಡನೆ ನನಗೆ ಹಳೆಯದೊಂದು ನೆನಪಾಯಿತು.

ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ ಬ್ಯಾಂಕಿನಲ್ಲಿ ಲೆಡ್ಜರುಗಳದೇ ರಾಜ್ಯ. 1980ರ ದಶಕದಲ್ಲಿ ಕಂಪ್ಯೂಟರ್ ಬರುತ್ತದೆಂಬ ಸುದ್ದಿ ಹಬ್ಬಿದಾಗ ನಾವೆಲ್ಲ ತೋಳಿಗೆ ಕಪ್ಪುಪಟ್ಟಿ ಕಟ್ಟಿ ಗೇಟಿನ ಮುಂದೆ ನಿಂತೆವು. ಅದಕ್ಕೂ ಮೊದಲೇ, 1960ರ ದಶಕದಲ್ಲಿ, ಕಲಕತ್ತೆಯಲ್ಲಿ ಜೀವವಿಮಾ ನಿಗಮದ ನೌಕರರು ಇದೇ ಕಾರಣಕ್ಕೆ ದೊಡ್ಡ ಹೋರಾಟ ಹೂಡಿದ್ದರು. ಬ್ಯಾಂಕುಗಳ ಸಂಘಕ್ಕೂ ನೌಕರರ ಒಕ್ಕೂಟಗಳಿಗೂ 1983ರಲ್ಲಿ ಒಪ್ಪಂದವಾಯಿತು. 1987ರಲ್ಲಿ, ಮತ್ತೆ 1993ರಲ್ಲಿ ಅದು ಬೆಳೆಯಿತು. ಯಂತ್ರ ಬಂತು. ನಮ್ಮ ಶಾಖೆಯಿಂದ ಒಬ್ಬನನ್ನೂ ಮನೆಗೆ ಕಳಿಸಲಿಲ್ಲ. "ನೋಡಿದಿರಾ, ಸುಮ್ಮನೆ ಹೆದರಿದಿರಿ" ಎಂದು ಮ್ಯಾನೇಜರರು ನಕ್ಕರು, ನಾವೂ ನಕ್ಕೆವು.

ಆದರೆ ನಾನು ಸೇರಿದಾಗ ಆ ಶಾಖೆಯಲ್ಲಿ 64 ಮಂದಿ ಇದ್ದೆವು, ನಿವೃತ್ತನಾದಾಗ 19. ನಡುವಿನ 45 ಕುರ್ಚಿಗಳಿಂದ ಯಾರನ್ನೂ ಎಬ್ಬಿಸಲಿಲ್ಲ ಎಂಬುದು ನಿಜ. ಕುಳಿತವರು ತಾವಾಗಿ ನಿವೃತ್ತರಾಗಿ ಎದ್ದುಹೋದರು, ಕುರ್ಚಿ ಖಾಲಿ ಉಳಿಯಿತು. ಊರಲ್ಲಿ ಬಿ.ಕಾಂ. ಮುಗಿಸಿ, ಮಾವನ ಮನೆಯ ವಿಳಾಸ ಬರೆದ ಚೀಟಿ ಹಿಡಿದು ದಾದರಿನಲ್ಲಿ ಇಳಿಯುತ್ತಿದ್ದ ಹುಡುಗನಿಗೆ ಆ ಕುರ್ಚಿ ಸಿಗಲಿಲ್ಲ. ಅವನು ಕೆಲಸ ಕಳೆದುಕೊಂಡವನಲ್ಲವಾದ್ದರಿಂದ ಅವನ ಹೆಸರು ಯಾವ ಲೆಕ್ಕದಲ್ಲೂ ಬರಲಿಲ್ಲ, ಅವನಿಗಾಗಿ ಯಾರೂ ಕಪ್ಪುಪಟ್ಟಿ ಕಟ್ಟಲಿಲ್ಲ. ನಾನೂ ಕಟ್ಟಲಿಲ್ಲ. ನನ್ನ ಮನೆಯಲ್ಲೇ ಆರು ತಿಂಗಳು ಇದ್ದು ಊರಿಗೆ ಮರಳಿದ ಒಬ್ಬ ಹುಡುಗನ ಮುಖ ಈಗಲೂ ಕಣ್ಣಮುಂದೆ ಇದೆ.

ಅನ್ಯಾಯದ ಮಾತಾಡಬಾರದು. ಅದೇ ಕಂಪ್ಯೂಟರಿನಿಂದ ಅದೇ ಹುಡುಗರ ತಮ್ಮಂದಿರು ಪುಣೆ, ಬೆಂಗಳೂರು, ಹೈದರಾಬಾದುಗಳಲ್ಲಿ ನಾವು ಕನಸಿನಲ್ಲೂ ಕಾಣದ ಸಂಬಳ ತಂದರು. ಇನ್ಫೋಸಿಸ್ ಹುಟ್ಟಿದ್ದು 1981ರಲ್ಲಿ, ಪುಣೆಯಲ್ಲಿಯೇ. 1993ರಲ್ಲಿ ಅದರ ಶೇರನ್ನು 95 ರೂಪಾಯಿಗೆ ಮಾರಲಿಟ್ಟಾಗ ಬೇಕಾದಷ್ಟು ಕೊಳ್ಳುವವರು ಬರಲಿಲ್ಲ! ಮುಂದೆ ಏನು ಕೆಲಸ ಹುಟ್ಟೀತೆಂದು ಹಿಂದಿನವರಿಗೆ ಕಾಣುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಆದರೆ ಹೊಸ ಕೆಲಸ ಹುಟ್ಟುವುದೂ ಹಳೆಯ ಕೆಲಸ ಹೋಗುವುದೂ ಒಂದೇ ಮನೆಯಲ್ಲಿ, ಒಂದೇ ವರ್ಷದಲ್ಲಿ ಆಗುವುದಿಲ್ಲ. ಕಷ್ಟವಿರುವುದು ಅಲ್ಲಿಯೇ.

2025ರ ಜುಲೈನಲ್ಲಿ ದೇಶದ ಅತಿ ದೊಡ್ಡ ಸಾಫ್ಟ್‌ವೇರ್ ಕಂಪೆನಿಯಾದ ಟಿ.ಸಿ.ಎಸ್. ತನ್ನ ನೌಕರರಲ್ಲಿ ಸುಮಾರು ಶೇಕಡಾ 2, ಅಂದರೆ 12,000ಕ್ಕೂ ಮಿಕ್ಕಿ ಜನರನ್ನು ಇಳಿಸುವುದಾಗಿ ಹೇಳಿತು. ಇದು ಎ.ಐ.ಯಿಂದಲ್ಲ, ಕೌಶಲಕ್ಕೂ ಕೆಲಸಕ್ಕೂ ಹೊಂದಿಕೆಯಾಗದ್ದರಿಂದ ಎಂದು ಕಂಪೆನಿಯ ವಿವರಣೆ. ಇರಬಹುದು. ಸ್ವೀಡನ್ನಿನ ಕ್ಲಾರ್ನಾ ಎಂಬ ಕಂಪೆನಿಯಂತೂ 2024ರಲ್ಲಿ ತನ್ನ ಯಂತ್ರ 700 ಜನರ ಕೆಲಸ ಮಾಡುತ್ತಿದೆಯೆಂದು ಜಂಭ ಕೊಚ್ಚಿ, ಗಿರಾಕಿಗಳೊಡನೆ ಮಾತಾಡುವುದಕ್ಕೆ 2025ರಲ್ಲಿ ಮತ್ತೆ ಮನುಷ್ಯರನ್ನು ಹುಡುಕತೊಡಗಿತು. ಎಲ್ಲರ ಕೆಲಸವೂ ಹೋಯಿತೆಂದು ಎದೆ ಬಡಿದುಕೊಳ್ಳುವವರನ್ನೂ ಏನೂ ಆಗದೆಂದು ಮೀಸೆ ತಿರುವುವವರನ್ನೂ ನಾನು ಒಂದೇ ತೂಕದಲ್ಲಿ ಇಡುತ್ತೇನೆ.

ಈಗ ಅಳಿಯನ ಪ್ರಶ್ನೆಗೆ ಬರೋಣ. ಉತ್ತರ ಹೇಳುವ ಮುನ್ನ ಅವನ ಕುಟುಂಬದ ಆಸ್ತಿಯನ್ನು ಒಂದು ಕಾಗದದ ಮೇಲೆ ಬರೆದು ನೋಡಿದೆ, ಬ್ಯಾಂಕಿನವನ ಚಟ. ಅವನ ಸಂಬಳ ಸಾಫ್ಟ್‌ವೇರಿನಿಂದ. ಹೆಂಡತಿಯ ಸಂಬಳ ಇನ್ನೊಂದು ಸಾಫ್ಟ್‌ವೇರ್ ಕಂಪೆನಿಯಿಂದ. ಕಂಪೆನಿ ಬಹುಮಾನವಾಗಿ ಕೊಟ್ಟ ಅದರದೇ ಶೇರುಗಳು ಒಂದಷ್ಟು. ತಿಂಗಳು ತಿಂಗಳಿಗೆ ಹದಿನೈದು ಸಾವಿರದ ಎಸ್.ಐ.ಪಿ., ಅದರಲ್ಲಿ ಹತ್ತು ಸಾವಿರ ಒಂದು ಟೆಕ್ನಾಲಜಿ ಫಂಡಿಗೆ. ವಾಕಡದಲ್ಲಿ ಸಾಲದ ಮೇಲೆ ಕೊಂಡ ಫ್ಲಾಟು. ಅದರ ಬೆಲೆ ನಿಂತಿರುವುದೂ ಸುತ್ತಲಿನ ಸಾಫ್ಟ್‌ವೇರ್ ಮಂದಿಯ ಸಂಬಳದ ಮೇಲೆ. ನಮ್ಮ ಕಡೆ ಎತ್ತುಗಳನ್ನು ಸಾಲಾಗಿ ಒಂದೇ ಹಗ್ಗಕ್ಕೆ ಕಟ್ಟುವುದಕ್ಕೆ ದಾವಣಿ ಎನ್ನುತ್ತಾರೆ. ಈ ಮನೆಯ ಐದು ಎತ್ತುಗಳೂ ಒಂದೇ ದಾವಣಿಯಲ್ಲಿದ್ದುವು. ಹೊರಗೆ ಉಳಿದದ್ದು ಅಕ್ಕನ ಹೊಲದ ಹಣ ಒಂದೇ. ಅದನ್ನೂ ತಂದು ಕಟ್ಟಲೇ ಎಂದು ಹುಡುಗ ಕೇಳುತ್ತಿದ್ದಾನೆ.

ಅವನೇನು ದಡ್ಡನಲ್ಲ. ಫೋನಿನಲ್ಲಿ ಈ ಮಾತು ತೆಗೆದಾಗ ಒಂದು ಒಳ್ಳೆಯ ವಾದ ಹೂಡಿದ: "ಮಾಮಾ, ಎ.ಐ. ಬಂದು ನನ್ನ ನೌಕರಿ ತಿಂತು ಅನ್ರಿ, ಆಗ ಎ.ಐ. ಶೇರು ಏರಬೇಕಲ್ಲ? ಅದು ನನಗ ವಿಮಾ ಇದ್ದಂಗ." ಎರಡು ದಿನ ನಾನು ಇದಕ್ಕೆ ಉತ್ತರ ಕಾಣದೆ ಒದ್ದಾಡಿದೆ. ಆಮೇಲೆ ಅವನ ಟೆಕ್ನಾಲಜಿ ಫಂಡಿನ ಪಟ್ಟಿಯನ್ನು ತರಿಸಿ ಓದಿದೆ. ಹೆಸರು ಟೆಕ್ನಾಲಜಿ, ಒಳಗೆ ನೋಡಿದರೆ ಬಹುಪಾಲು ನಮ್ಮ ದೇಶದ ಅದೇ ಸಾಫ್ಟ್‌ವೇರ್ ಕಂಪೆನಿಗಳು, ಯಾವುದಕ್ಕೆ ಪೆಟ್ಟು ಬೀಳಬಹುದೆಂದು ಅವನು ಹೆದರಿದ್ದಾನೋ ಅವೇ! ವಿಮೆಯೆಂದು ತಿಳಿದದ್ದು ಅದೇ ಮನೆಯ ಇನ್ನೊಂದು ಬಾಗಿಲು. ನಿಜವಾಗಿ ಯಂತ್ರಬುದ್ಧಿಯ ಚಿಪ್ ಮಾಡುವ, ಅದನ್ನು ನಡೆಸುವ ದೊಡ್ಡ ಕಂಪೆನಿಗಳು, ಅಂದರೆ ಎನ್‌ವಿಡಿಯಾ, ಮೈಕ್ರೊಸಾಫ್ಟ್, ಗೂಗಲ್ ಮೊದಲಾದುವು, ಅಮೆರಿಕದ ಪೇಟೆಯಲ್ಲಿವೆ. ರಿಸರ್ವ್ ಬ್ಯಾಂಕಿನ ನಿಯಮದಂತೆ ವರ್ಷಕ್ಕೆ ಎರಡೂವರೆ ಲಕ್ಷ ಡಾಲರಿನವರೆಗೆ ಹೊರದೇಶಕ್ಕೆ ಕಳಿಸಿ ಅವನ್ನು ಕೊಳ್ಳಲೂಬಹುದು. ಪ್ರಶ್ನೆ ಉಳಿಯುವುದು ಬೆಲೆಯದು.

ಇಲ್ಲಿ ಆ ಹೊಲದ ಕಥೆಯನ್ನೇ ಹೇಳಬೇಕು. ಅದು ನವಲಗುಂದದ ಕಡೆಯ ಎರೆಭೂಮಿ, ಹತ್ತಿ ಬೆಳೆ. 1840ರ ದಶಕದಲ್ಲಿ ಕುಂಪಣಿ ಸರಕಾರ ಅಮೆರಿಕದ ಹತ್ತಿಬೀಜ ತರಿಸಿ ಧಾರವಾಡದ ಸೀಮೆಯಲ್ಲಿ ಬಿತ್ತಿಸಿತು. ಬೇರೆಡೆಗಳಲ್ಲಿ ಬೀಜ ಕೈಕೊಟ್ಟರೂ ನಮ್ಮ ಎರೆಯಲ್ಲಿ ಹಿಡಿಯಿತು. 'ಧಾರವಾಡ ಅಮೆರಿಕನ್' ಎಂದು ವಿಲಾಯಿತಿಯ ಪೇಟೆಯಲ್ಲಿ ಹೆಸರಾಯಿತು. 1861ರಲ್ಲಿ ಅಮೆರಿಕದ ಉತ್ತರ ದಕ್ಷಿಣ ರಾಜ್ಯಗಳಿಗೆ ಯುದ್ಧ ಹತ್ತಿ, ದಕ್ಷಿಣದ ಬಂದರುಗಳು ಮುಚ್ಚಿ, ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿಯಿಲ್ಲದಂತಾಯಿತು. ಅವರು ಹಿಂದುಸ್ಥಾನದ ಹತ್ತಿಗೆ ಕೈಚಾಚಿದರು. 1862ರಲ್ಲಿ ಉತ್ತರ ಕನ್ನಡವನ್ನು ಮದರಾಸಿನಿಂದ ಬಿಡಿಸಿ ಮುಂಬಯಿ ಇಲಾಖೆಗೆ ಸೇರಿಸಿದ್ದರ ಹಿಂದೆಯೂ ಧಾರವಾಡದ ಹತ್ತಿಯನ್ನು ಕಾರವಾರ ಬಂದರಿನಿಂದ ಸಾಗಿಸುವ ಯೋಚನೆಯಿತ್ತು. ಹುಬ್ಬಳ್ಳಿಯಿಂದ ಆ ಕರಾವಳಿಗೆ ರೈಲು ಇನ್ನೂ ಬಂದಿಲ್ಲ ಎಂಬುದು ಬೇರೆ ಮಾತು.

ಹತ್ತಿಯ ಹಣ ಮುಂಬಯಿಗೆ ಹೊಳೆಯಾಗಿ ಹರಿಯಿತು. ಹಣ ಹೆಚ್ಚಾಯಿತು, ಅದನ್ನು ಹಾಕುವುದಕ್ಕೆ ಜಾಗ ಸಾಲದಾಯಿತು. ಬ್ಯಾಂಕು, ಫೈನಾನ್ಸ್ ಕಂಪೆನಿ, ಸಮುದ್ರ ತುಂಬಿಸಿ ನೆಲ ಮಾಡುವ ಕಂಪೆನಿ, ಹೀಗೆ ದಿನ ಬೆಳಗಾದರೆ ಹೊಸದೊಂದು. ಬ್ಯಾಕ್ ಬೇ ಎಂಬಲ್ಲಿ ಸಮುದ್ರ ತುಂಬಿಸುವ ಕಂಪೆನಿಯ 5,000 ರೂಪಾಯಿಯ ಶೇರು ಹತ್ತರಷ್ಟು ಬೆಲೆಗೆ ಏರಿತು. ಈ ಎಲ್ಲದರ ಸೂತ್ರಧಾರ ಹತ್ತಿಯ ದಲಾಲಿ ಪ್ರೇಮಚಂದ ರಾಯಚಂದ; ಆತನ ಚೀಟಿಯಿದ್ದರೆ ಬಾಂಬೆ ಬ್ಯಾಂಕು ಸಾಲ ಕೊಡುತ್ತಿತ್ತು ಎಂಬ ಕಾಲ. 1865ರ ಏಪ್ರಿಲಿನಲ್ಲಿ ಅಮೆರಿಕದಲ್ಲಿ ಯುದ್ಧ ತೀರತೊಡಗಿತು. ಸುದ್ದಿ ಮುಂಬಯಿ ಮುಟ್ಟಿದೊಡನೆ ಹತ್ತಿ ಬಿತ್ತು, ಹತ್ತಿಯೊಡನೆ ಎಲ್ಲವೂ ಬಿತ್ತು. ಜುಲೈ 1ರ ವಾಯಿದೆಯ ದಿನ ಕೊಡುವವರೂ ಇಲ್ಲ, ಕೊಳ್ಳುವವರೂ ಇಲ್ಲ. 2,850 ರೂಪಾಯಿ ಮುಟ್ಟಿದ್ದ ಬಾಂಬೆ ಬ್ಯಾಂಕಿನ ಶೇರು 87 ರೂಪಾಯಿಗೆ ಇಳಿಯಿತು. 1868ರಲ್ಲಿ ಆ ಬ್ಯಾಂಕೇ ಮುಚ್ಚಿತು. ಪ್ರೇಮಚಂದ ದಿವಾಳಿಯಾದ. ಆದರೆ ಅವನು ಐಶ್ವರ್ಯದ ದಿನಗಳಲ್ಲಿ ತಾಯಿಯ ಹೆಸರಿನಲ್ಲಿ ಕೊಟ್ಟಿದ್ದ ಹಣದಿಂದ ಎದ್ದ ರಾಜಾಬಾಯಿ ಗೋಪುರ 1878ರಲ್ಲಿ ಪೂರ್ಣವಾಗಿ ಇಂದಿಗೂ ಗಂಟೆ ಹೊಡೆಯುತ್ತಿದೆ. ನಾನು ಎಷ್ಟೋ ವರ್ಷ ಆ ಗಡಿಯಾರ ನೋಡಿಕೊಂಡೇ ಊಟದ ಡಬ್ಬಿ ಬಿಚ್ಚಿದ್ದೇನೆ.

ಈ ಕಥೆಯಲ್ಲಿ ಹತ್ತಿ ಸುಳ್ಳಾಗಿರಲಿಲ್ಲ. ಮುಂದೆ ಐವತ್ತು ಅರುವತ್ತು ವರ್ಷ ಮುಂಬಯಿ ಬೆಳೆದದ್ದೇ ಹತ್ತಿಯ ಗಿರಣಿಗಳಿಂದ. ಸಮುದ್ರ ತುಂಬಿಸುವುದೂ ಸುಳ್ಳಾಗಿರಲಿಲ್ಲ. ಇಂದಿನ ನರೀಮನ್ ಪಾಯಿಂಟು ನಿಂತಿರುವುದು ತುಂಬಿಸಿದ ನೆಲದ ಮೇಲೆಯೇ. ಸುಳ್ಳಾದದ್ದು ಅವಕ್ಕೆ ಅಂದು ತೆತ್ತ ಬೆಲೆ. ವಸ್ತು ಉಳಿಯಿತು, ಊರು ಉಳಿಯಿತು, ಹಣ ಹಾಕಿದವನು ಉಳಿಯಲಿಲ್ಲ. ಯಂತ್ರಬುದ್ಧಿ ಸುಳ್ಳೆಂದು ನಾನು ಹೇಳುತ್ತಿಲ್ಲ. ಅದು ನಿಜವೆಂದೇ ಇಟ್ಟುಕೊಂಡರೂ ಅದರ ಶೇರು ಕೊಂಡವನಿಗೆ ಲಾಭವಾಗಲೇಬೇಕೆಂಬುದಿಲ್ಲ.

ಹತ್ತಿಯದು ಹಳೆಯ ಕಾಲ ಎನ್ನುವವರಿಗೆ ನಮ್ಮ ಕಣ್ಣೆದುರಿನ ಉದಾಹರಣೆ ಇದೆ. ಅಂತರಜಾಲದ ಸಂಚಾರಕ್ಕೆ ಬೇಕಾದ ಯಂತ್ರಗಳನ್ನು ಮಾಡುವ ಸಿಸ್ಕೊ ಎಂಬ ಅಮೆರಿಕದ ಕಂಪೆನಿ 2000ದ ಮಾರ್ಚಿನಲ್ಲಿ ಲೋಕದಲ್ಲೇ ಅತಿ ಹೆಚ್ಚು ಬೆಲೆಯ ಕಂಪೆನಿಯೆನಿಸಿತ್ತು. ಅಂತರಜಾಲ ಲೋಕವನ್ನೇ ಆಳುತ್ತದೆ ಎಂದವರ ಮಾತು ಅಕ್ಷರಶಃ ನಿಜವಾಯಿತು. ಸಿಸ್ಕೊ ಮುಳುಗಲಿಲ್ಲ, ಲಾಭವನ್ನೂ ಮಾಡುತ್ತ ಬಂತು. ಆದರೂ ಎರಡೂವರೆ ವರ್ಷಗಳಲ್ಲಿ ಶೇರಿನ ಬೆಲೆ ಐದರಲ್ಲೊಂದು ಪಾಲಿಗಿಂತ ಕೆಳಗಿಳಿದು, 2000ದ ಬೆಲೆಯನ್ನು ಮತ್ತೆ ಮುಟ್ಟಿದ್ದು 2025ರ ಡಿಸೆಂಬರಿನಲ್ಲಿ. ಮಗಳು ಹುಟ್ಟಿದಾಗ ಕೊಂಡವನು ಅವಳ ಮದುವೆಗೆ ಅಸಲನ್ನು ಕಂಡ. ಅದೇ 2000ದಲ್ಲಿ ಆಫೀಸಿನ ಊಟದ ಮೇಜಿನ ಮಾತು ಕೇಳಿ ನಾನೂ 40,000 ರೂಪಾಯಿ ಒಂದು ಸಾಫ್ಟ್‌ವೇರ್ ಕಂಪೆನಿಗೆ ಹಾಕಿದ್ದೆ. ಆ ಶೇರು ಇಂದಿಗೂ ನನ್ನ ಖಾತೆಯಲ್ಲಿ ಭದ್ರವಾಗಿದೆ, ಕೊಳ್ಳುವವರಿಲ್ಲ. ಮನೆಯವರಿಗೆ ಈ ಸಂಗತಿ ಈ ಲೇಖನದಿಂದಲೇ ತಿಳಿಯತಕ್ಕದ್ದು.

ಈಗಿನ ಬೆಲೆಗಳ ಏರಿಳಿತವಂತೂ ತಲೆ ತಿರುಗಿಸುವಂಥದು. 2025ರ ಜನವರಿ 27ರಂದು, ಚೀನದ ಡೀಪ್‌ಸೀಕ್ ಎಂಬ ಸಂಸ್ಥೆ ಅಗ್ಗದಲ್ಲಿ ಇಂಥದೇ ಯಂತ್ರಬುದ್ಧಿ ಮಾಡಿದೆಯೆಂಬ ಸುದ್ದಿಗೆ ಎನ್‌ವಿಡಿಯಾ ಕಂಪೆನಿಯ ಬೆಲೆ ಒಂದೇ ದಿನದಲ್ಲಿ ಸುಮಾರು 590 ಬಿಲಿಯನ್ ಡಾಲರ್ ಇಳಿಯಿತು. ನಮ್ಮ ಹಣದಲ್ಲಿ ಸುಮಾರು 50 ಲಕ್ಷ ಕೋಟಿ ರೂಪಾಯಿ. ನಮ್ಮ ಕೇಂದ್ರ ಸರಕಾರದ ಒಂದು ವರ್ಷದ ಬಜೆಟ್ಟು! ಆಮೇಲೆ ಅದೇ ಕಂಪೆನಿ ಚೇತರಿಸಿಕೊಂಡು ಅಕ್ಟೋಬರಿನಲ್ಲಿ, ದೀಪಾವಳಿಯಾಗಿ ಒಂದು ವಾರದ ಮೇಲೆ, 5 ಟ್ರಿಲಿಯನ್ ಡಾಲರ್ ಮುಟ್ಟಿತು. ಅಮೆರಿಕದ ನಾಲ್ಕು ದೊಡ್ಡ ಕಂಪೆನಿಗಳು 2024 ಒಂದೇ ವರ್ಷದಲ್ಲಿ ಕಟ್ಟಡ, ಯಂತ್ರಗಳಿಗೆಂದು 200 ಬಿಲಿಯನ್ ಡಾಲರಿಗೂ ಮಿಕ್ಕಿ ಸುರಿದುವು. ಅದರಲ್ಲಿ ದೊಡ್ಡ ಪಾಲು ಇದಕ್ಕಾಗಿಯೇ. ಒಂದು ಭೇದವನ್ನು ಮಾತ್ರ ಗಮನಿಸಬೇಕು. ಹಿಂದೆ ರೈಲು ಕಂಪೆನಿಗಳು ದಿವಾಳಿಯೆದ್ದರೂ ಹಳಿಗಳು ಎರಡು ತಲೆಮಾರು ಉಳಿದುವು. ಈ ಚಿಪ್‌ಗಳಿಗೆ ಕಂಪೆನಿಗಳೇ ಐದಾರು ವರ್ಷದ ಆಯುಸ್ಸು ಬರೆದು ಸವಕಳಿ ಹಾಕುತ್ತವೆ. ಹಾಕಿದ ಹಣ ಆ ಐದಾರು ವರ್ಷಗಳಲ್ಲಿ ಮರಳಬೇಕು. ಮರಳೀತೆಂದು ಎದೆ ಮುಟ್ಟಿ ಹೇಳುವವನನ್ನು ನಾನಿನ್ನೂ ಕಂಡಿಲ್ಲ.

ಇನ್ನು ವಿದ್ಯುತ್ತು. ಅಂತರರಾಷ್ಟ್ರೀಯ ಇಂಧನ ಸಂಸ್ಥೆಯ ಲೆಕ್ಕದಂತೆ 2024ರಲ್ಲಿ ಲೋಕದ ವಿದ್ಯುತ್ತಿನಲ್ಲಿ ಸುಮಾರು ಶೇಕಡಾ ಒಂದೂವರೆ ಡೇಟಾ ಸೆಂಟರುಗಳಿಗೆ ಹೋಯಿತು. 2030ರ ವೇಳೆಗೆ ಆ ಖರ್ಚು ಎರಡರಷ್ಟಕ್ಕೂ ಮೀರೀತಂತೆ. ನಮ್ಮ ದೇಶದ ಡೇಟಾ ಸೆಂಟರುಗಳಲ್ಲಿ ದೊಡ್ಡ ಪಾಲು ಇರುವುದು ಮುಂಬಯಿ, ನವಿ ಮುಂಬಯಿಗಳಲ್ಲಿ. ಐರೋಲಿ ಕಡೆ ಇರುವ ನಮ್ಮ ಸದಸ್ಯರು ಕಿಟಕಿಯಿಲ್ಲದ ಆ ದೊಡ್ಡ ಕಟ್ಟಡಗಳನ್ನು ನೋಡಿರಬಹುದು.

ಹಣವಂತರ ನಷ್ಟಕ್ಕಿಂತ ನನಗೆ ಹೆಚ್ಚು ಭಯ ಹುಟ್ಟಿಸಿದ್ದು ಬೇರೆ. ನಮ್ಮ ಸಂಘದ ಹಿರಿಯ ಸದಸ್ಯೆಯೊಬ್ಬರ ಫೋನಿಗೆ ಒಂದು ವಿಡಿಯೋ ಬಂತು. ಎಲ್ಲರೂ ಬಲ್ಲ ಒಬ್ಬ ದೊಡ್ಡ ಉದ್ಯಮಿ ಅದರಲ್ಲಿ ತಮ್ಮದೇ ಮುಖ, ತಮ್ಮದೇ ದನಿಯಲ್ಲಿ, ಈ ಹೊಸ ಎ.ಐ. ಯೋಜನೆಗೆ 21,000 ರೂಪಾಯಿ ಹಾಕಿದರೆ ತಿಂಗಳಿಗೆ ಲಕ್ಷ ಬರುತ್ತದೆ ಎನ್ನುತ್ತಿದ್ದರು. ಆ ತಾಯಿ ದುಡ್ಡು ಕಳಿಸುವುದರಲ್ಲಿದ್ದರು, ಒ.ಟಿ.ಪಿ. ಕಾಣಲಿಲ್ಲವೆಂದು ಸೊಸೆಯ ಕೈಗೆ ಫೋನು ಕೊಟ್ಟದ್ದರಿಂದ ಉಳಿದರು. ಮುಖವೂ ಯಂತ್ರ ಮಾಡಿದ್ದು, ದನಿಯೂ ಯಂತ್ರ ಮಾಡಿದ್ದು. ತಮ್ಮ ಹೆಸರಿನಲ್ಲಿ ಇಂಥ ನಕಲಿ ಚಿತ್ರಗಳು ಹಬ್ಬುತ್ತಿವೆಯೆಂದು ಎನ್.ಆರ್. ನಾರಾಯಣ ಮೂರ್ತಿಯವರೇ 2023ರ ಡಿಸೆಂಬರಿನಲ್ಲಿ ಜನರನ್ನು ಎಚ್ಚರಿಸಿದ್ದರು. 2024ರ ಏಪ್ರಿಲಿನಲ್ಲಿ ರಾಷ್ಟ್ರೀಯ ಶೇರುಪೇಟೆಯವರು ತಮ್ಮ ಮುಖ್ಯಸ್ಥರು ಶೇರು ಶಿಫಾರಸು ಮಾಡುವ ವಿಡಿಯೋ ನಕಲಿಯೆಂದು ಪ್ರಕಟಣೆ ಹೊರಡಿಸಬೇಕಾಯಿತು. ಇಷ್ಟು ಲಾಭ ಖಂಡಿತ ಎಂದು ಮಾತು ಕೊಡುವುದಕ್ಕೆ ಸೆಬಿಯ ನೋಂದಣಿ ಪಡೆದ ಯಾವ ಸಲಹೆಗಾರನಿಗೂ ಅಪ್ಪಣೆಯಿಲ್ಲ. ಆದುದರಿಂದ ಅಂಥ ಮಾತು ಕೇಳಿಬಂದರೆ ಅಲ್ಲಿಗೇ ಫೋನು ಕೆಳಗಿಡಬಹುದು. ಹಣ ಹೋದ ಮೇಲಾದರೂ ತಡಮಾಡದೆ ತಿಳಿಸಬೇಕಾದ ಸರಕಾರಿ ಸಂಖ್ಯೆ 1930. ಹಿರಿಯರ ಫೋನಿನ ಹಿಂಬದಿಗೆ ಇದನ್ನು ಬರೆದು ಅಂಟಿಸಿಡಿ. ನಾಚಿಕೆಯಿಂದ ಎರಡು ದಿನ ಬಾಯಿ ಮುಚ್ಚಿ ಕೂತವರೇ ಹೆಚ್ಚು ಕಳೆದುಕೊಂಡವರು.

ಇಷ್ಟೆಲ್ಲ ದೂರಿದ ಮೇಲೆ ಒಂದು ಒಳ್ಳೆಯ ಮಾತನ್ನೂ ಹೇಳದಿದ್ದರೆ ಋಣ ಉಳಿದೀತು. ಜೀವಕೋಶದಲ್ಲಿ ಪ್ರೋಟೀನುಗಳು ಯಾವ ಆಕಾರಕ್ಕೆ ಮಡಿಸಿಕೊಳ್ಳುತ್ತವೆ ಎಂಬುದನ್ನು ಯಂತ್ರಬುದ್ಧಿಯಿಂದ ಕಂಡುಹಿಡಿದದ್ದಕ್ಕೆ ಡೆಮಿಸ್ ಹಸಾಬಿಸ್, ಜಾನ್ ಜಂಪರ್ ಇಬ್ಬರೂ 2024ರ ರಸಾಯನಶಾಸ್ತ್ರದ ನೊಬೆಲಿನಲ್ಲಿ ಪಾಲು ಪಡೆದರು. ಹೊಸ ಔಷಧಗಳನ್ನು ಹುಡುಕುವವರಿಗೆ ಇದು ಬಹಳ ಉಪಯೋಗ. ಇನ್ನೊಂದು ನಮ್ಮ ಮನೆಯೊಳಗಿನದು. ಅಳಿಯನ ಮಗಳಿಗೆ ಹನ್ನೊಂದು ವರ್ಷ. ಕನ್ನಡ ಮಾತಾಡುತ್ತಾಳೆ, ಓದಲು ಬಾರದು. ಹೊರನಾಡಿನ ಎಷ್ಟು ಮಕ್ಕಳ ಕಥೆ ಇದು! ದೀಪಾವಳಿಯ ದಿನ ಅವಳು ನನ್ನ ಕಪಾಟಿನಲ್ಲಿದ್ದ ಅವಳ ಮುತ್ತಜ್ಜನ ಹಳೆಯ ಪತ್ರವೊಂದನ್ನು ಫೋನಿನಿಂದ ಫೋಟೋ ತೆಗೆದಳು. ಯಂತ್ರ ಅದನ್ನು ಗಟ್ಟಿಯಾಗಿ ಓದಿತು. ಕೈಬರಹವಾದ್ದರಿಂದ ನಾಲ್ಕಾರು ಕಡೆ ಎಡವಿತು, 'ಎರಿ ಹೊಲ'ವನ್ನು 'ಎರಡು ಹೊಲ' ಮಾಡಿತು. ಆದರೂ 1950ರ ದಶಕದ ಮಳೆ ಬೆಳೆಯ ಸುದ್ದಿ ಆ ಹುಡುಗಿಯ ಕಿವಿಗೆ ಮುಟ್ಟಿತು. ನಾನು ಓದಿ ಹೇಳುತ್ತೇನೆಂದು ಎಷ್ಟು ವರ್ಷದಿಂದ ಹೇಳುತ್ತಿದ್ದೆನೋ!

ಸಂಕ್ರಮಣಕ್ಕೆ ಕುಸುರೆಳ್ಳು ಕಟ್ಟಿಕೊಂಡು ಪುಣೆಗೆ ಹೋದೆ. ಊಟವಾದ ಮೇಲೆ ನನ್ನ ಕಾಗದ ಹರಡಿ ದಾವಣಿಯ ಲೆಕ್ಕ ತೋರಿಸಿದೆ. ಅಳಿಯ ಬಹಳ ಹೊತ್ತು ನೋಡಿ, "ಹಂಗಾರ ಏರೋದೆಲ್ಲಾ ಮಂದಿಗೇ ಬಿಡಬೇಕೇನು, ಮಾಮಾ?" ಎಂದ. ಆ ಪ್ರಶ್ನೆಯಲ್ಲಿಯೂ ನ್ಯಾಯವಿದೆ. ಅವನ ವಯಸ್ಸಿನಲ್ಲಿ ಏನನ್ನೂ ಮುಟ್ಟದೆ ಕೂಡುವುದೂ ತಪ್ಪೇ. ಅಷ್ಟರಲ್ಲಿ ಒಳಗಿನಿಂದ ಅಕ್ಕ ಬಂದಳು. ಹಣ ಅವಳದು ಎಂಬುದನ್ನು ನಾವಿಬ್ಬರೂ ಹೆಚ್ಚುಕಡಿಮೆ ಮರೆತಿದ್ದೆವು. "ಮಳಿ ಬರಲಿಲ್ಲಂದ್ರ ಒಂದು ವರ್ಷದ ಪೀಕು ಹೋಗತಿತ್ತು, ಹೊಲಾ ಏನ್ ಹೋಗತಿರಲಿಲ್ಲ" ಎಂದಳು. "ಈ ಕಾಗದದಾಗ ಹೊಲಾ ಯಾವುದು, ಪೀಕು ಯಾವುದು, ಅಷ್ಟು ಹೇಳ್ರಿ ನನಗ."

ಸಂಜೆಯವರೆಗೆ ಕುಳಿತೆವು. ಹನ್ನೆರಡು ಲಕ್ಷ ಅಕ್ಕನ ಹೆಸರಿನಲ್ಲಿ ಅಂಚೆ ಕಚೇರಿಯ ಹಿರಿಯ ನಾಗರಿಕರ ಯೋಜನೆಗೆ, ಮೂರು ತಿಂಗಳಿಗೊಮ್ಮೆ ಅವಳ ಕೈಗೇ ಬಡ್ಡಿ. ಐದು ಲಕ್ಷ ಮುದ್ದತ್ತಿನ ಠೇವಣಿ, ಕೆಲಸ ಹೋದರೆ ಆರೇಳು ತಿಂಗಳು ಮನೆ ನಡೆಸುವುದಕ್ಕೆ. ಒಂದೇ ಬ್ಯಾಂಕಿನಲ್ಲಿ ಐದು ಲಕ್ಷದವರೆಗೆ ಮಾತ್ರ ಠೇವಣಿಗೆ ವಿಮೆಯಿರುವುದರಿಂದ ಅದನ್ನೂ ಎರಡು ಬ್ಯಾಂಕುಗಳಲ್ಲಿ ಹಂಚಿದೆವು. ಮೂರು ಲಕ್ಷ ಫ್ಲಾಟಿನ ಸಾಲಕ್ಕೆ. ಉಳಿದ ಎರಡು ಲಕ್ಷವನ್ನು ಅಕ್ಕನೇ ಮಗನ ಕೈಗೆ ಕೊಟ್ಟಳು. ಅದನ್ನು ಅವನು ಅಮೆರಿಕದ ಪೇಟೆಯ ಒಂದು ಫಂಡಿಗೆ ಹಾಕಿದ್ದಾನೆ. ಟೆಕ್ನಾಲಜಿ ಫಂಡಿನ ಹತ್ತು ಸಾವಿರದ ಕಂತನ್ನು ನಿಲ್ಲಿಸಿ, ಎಲ್ಲ ಬಗೆಯ ಉದ್ಯಮಗಳಿರುವ ಇನ್ನೊಂದಕ್ಕೆ ತಿರುಗಿಸಿದ. ತನ್ನ ಕಂಪೆನಿಯ ಶೇರುಗಳನ್ನು ಮಾತ್ರ ಮಾರಲು ಒಪ್ಪಲಿಲ್ಲ. "ಇರಲಿ ಮಾಮಾ, ಅಭಿಮಾನ" ಎಂದ. ನಾನು ಒತ್ತಾಯಿಸಲಿಲ್ಲ. ಅವನ ಕೈಕೆಳಗಿನ ಆರು ಮಂದಿಯಲ್ಲಿ ಒಬ್ಬ ಹುಡುಗಿ ಹೋದ ವಾರ ಬಿಟ್ಟು ಹೋದಳಂತೆ. ಆ ಜಾಗಕ್ಕೆ ಜನ ಬೇಕೆಂದು ಅವನು ಬರೆದ ಅರ್ಜಿಗೆ ಇನ್ನೂ ಉತ್ತರ ಬಂದಿಲ್ಲ.

ಮರುದಿನ ಅಂಚೆ ಕಚೇರಿಗೆ ಅಕ್ಕನನ್ನು ನಾನೇ ಕರೆದೊಯ್ದೆ. ಫಾರಮ್ಮಿನ ಮೇಲೆ ಅವಳು ಕನ್ನಡದಲ್ಲಿ ಸಹಿ ಮಾಡಿದಳು. ಕೌಂಟರಿನ ಹುಡುಗಿ ಅದನ್ನು ತಿರುಗಿಸಿ ತಿರುಗಿಸಿ ನೋಡಿ, "ಆಜೀ, ಹೀ ಕೋಣತೀ ಭಾಷಾ?" ಎಂದು ಕೇಳಿದಳು. ಅಕ್ಕ ಹೇಳಿದಳು. ಹುಡುಗಿ ನಕ್ಕು, ಇನ್ನೂ ಎರಡು ಕಡೆ ಸಹಿ ಬೇಕು ಎಂದು ಫಾರಮ್ಮನ್ನು ಹಿಂದಕ್ಕೆ ಸರಿಸಿದಳು.